ಕಾಣದ ಕಪ್ಪು ಕುಳಿಗಳೂ ಬರಿಗೈಯ ಲೆಕ್ಕವೂ

ಮಂಡ್ಯದ ಸಮೀಪದಲ್ಲಿರುವ ವಿ.ಸಿ. ಫಾರಮಿನ ಹೆಸರನ್ನು ಕೇಳದ ಬೇಸಾಯಗಾರರು ನಮ್ಮ ಸೀಮೆಯಲ್ಲಿ ವಿರಳ. ಕನ್ನಂಬಾಡಿಯ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದು ಈ ಒಣ ಬಯಲನ್ನು ಗದ್ದೆಯಾಗಿ ಮಾರ್ಪಡಿಸಿದ ಕಾಲದಲ್ಲಿ, ಎಂದರೆ 1931ರಲ್ಲಿ, ಡಾಕ್ಟರ್ ಲೆಸ್ಲಿ ಕೋಲ್ಮನ್ನರ ಪ್ರಯತ್ನದಿಂದ ಅದು ಹುಟ್ಟಿತು. ಭಾರತದ ರಾಗಿಗೂ ಆಫ್ರಿಕದ ರಾಗಿಗೂ ಸಂಬಂಧವನ್ನು ಕೂಡಿಸಿ ‘ಇಂಡಾಫ್’ ಎಂಬ ತಳಿಗಳನ್ನು ನಾಡಿಗೆ ಕೊಟ್ಟ ಲಕ್ಷ್ಮಣಯ್ಯನವರು ದುಡಿದದ್ದು ಈ ನೆಲದಲ್ಲಿಯೇ. ಇಂಥ ಸ್ಥಳವನ್ನು ಹಿಡಿದುಕೊಂಡು ಆಕಾಶದ ವಿಚಾರವನ್ನು ಬರೆಯಹೊರಟದ್ದೇಕೆಂದು ವಾಚಕರು ಕೇಳಬಹುದು. ಅದಕ್ಕೆ ಕಾರಣವುಂಟು.

ಕಳೆದ ಕಾರ್ತಿಕ ಮಾಸದಲ್ಲಿ ನಾವು ಅಲ್ಲಿಗೆ ಹೋಗಿದ್ದೆವು. ಬೀಜಕ್ಕೆಂದು ಬೆಳೆಸಿದ ಬತ್ತದ ತಾಕೊಂದರಲ್ಲಿ ವೃದ್ಧರಾದ ಗೌಡರೊಬ್ಬರು ಸಾಲುಸಾಲಾಗಿ ನಡೆಯುತ್ತ ಬೆರಕೆಯ ಪೈರನ್ನು ಹುಡುಕುತ್ತಿದ್ದರು. ಬೀಜದ ಬೆಳೆಯಲ್ಲಿ ಬೇರೆ ತಳಿಯ ಒಂದು ತೆನೆ ಉಳಿದರೂ ಮುಂದಿನ ವರ್ಷ ಅದು ನೂರಾಗುವುದಷ್ಟೆ. ಬಿಸಿಲು ಇಳಿದ ಮೇಲೆ ಅವರು ಬದುವಿನ ಮೇಲೆ ಬಂದು ನಮ್ಮ ಪಕ್ಕದಲ್ಲಿ ಕುಳಿತರು. ನಮ್ಮ ಕೈಯಲ್ಲಿ ವೃತ್ತಪತ್ರಿಕೆಯಿತ್ತು.

“ಏನ್ ಸ್ವಾಮಿ, ಸಮಾಚಾರ?” ಎಂದು ಅವರು ಕೇಳಿದರು.

ಆಕಾಶದಲ್ಲಿ ತಾವಾಗಿಯೇ ಕರಗಿ ಸಿಡಿಯುವ ಬಲು ಸಣ್ಣ ಕಪ್ಪು ಕುಳಿಗಳು ಇರಬಹುದೆಂದೂ, ವಿದ್ವಾಂಸರು ಐವತ್ತು ವರ್ಷಗಳಿಂದ ಅವುಗಳನ್ನು ಹುಡುಕುತ್ತಿರುವರೆಂದೂ, ಇದುವರೆಗೆ ಒಂದೂ ದೊರೆತಿಲ್ಲವೆಂದೂ ನಮಗೆ ತಿಳಿದಂತೆ ಹೇಳಿದೆವು.

“ಐವತ್ತು ವರ್ಷ ಹುಡುಕಿ ಒಂದೂ ಸಿಗಲಿಲ್ವಾ? ಸಿಗದೇ ಇರೋ ವಸ್ತುಗೆ ಇಷ್ಟೊಂದು ಖರ್ಚಾ, ಸ್ವಾಮಿ?”

ಪ್ರಶ್ನೆಯು ಸಣ್ಣದಲ್ಲ. ತೆರಿಗೆಯನ್ನು ಕೊಡತಕ್ಕ ಪ್ರತಿಯೊಬ್ಬ ಗೃಹಸ್ಥನೂ ಕೇಳಬಹುದಾದದ್ದು. ಇದಕ್ಕೆ ಉತ್ತರವನ್ನು ಹೇಳಬೇಕಾದರೆ ಆ ವಸ್ತುವು ಎಂಥದು, ಹುಡುಕುವ ಬಗೆ ಹೇಗೆ ಎಂಬುದನ್ನು ಮೊದಲು ತಿಳಿಯಬೇಕು.

ಪಂಡಿತರು ಕೃಷ್ಣರಂಧ್ರವೆಂದು ಕರೆಯುವುದನ್ನು ನಾವು ಕಪ್ಪು ಕುಳಿಯೆಂದೇ ಕರೆಯೋಣ. ಯಾವ ವಸ್ತುವನ್ನಾದರೂ ಒತ್ತಿ ಒತ್ತಿ ಕಿರಿದು ಮಾಡುತ್ತ ಹೋದರೆ, ಒಂದು ಮೇರೆಯನ್ನು ದಾಟಿದೊಡನೆ ಅದರ ಆಕರ್ಷಣೆಯಿಂದ ಬೆಳಕು ಕೂಡ ತಪ್ಪಿಸಿಕೊಳ್ಳಲಾರದು. ನಮ್ಮ ಭೂಮಿಯನ್ನು ಹೀಗೆ ಒತ್ತುವುದಾದರೆ ಅದು ಮಕ್ಕಳ ಗೋಲಿಯಷ್ಟಾಗಬೇಕು. ಸೂರ್ಯನಾದರೋ ಮೂರು ಕಿಲೋಮೀಟರು ತ್ರಿಜ್ಯದ ಉಂಡೆಯಾಗಬೇಕು. ದೊಡ್ಡ ನಕ್ಷತ್ರಗಳು ತಮ್ಮ ಉರುವಲು ತೀರಿದ ಬಳಿಕ ಕುಸಿದು ಇಂಥ ಕುಳಿಗಳಾಗುತ್ತವೆ.

ಇವುಗಳ ವಿಚಾರದಲ್ಲಿ ಕನ್ನಡಿಗರಿಗೂ ಪಾಲುಂಟು. ಬೆಂಗಳೂರಿನಲ್ಲಿ 1938ರಲ್ಲಿ ಜನಿಸಿ, ಮುಂದೆ ಅಲ್ಲಿಯ ಜವಾಹರಲಾಲ್ ನೆಹರೂ ತಾರಾಲಯವನ್ನು ರೂಪಿಸಿದ ಸಿ.ವಿ. ವಿಶ್ವೇಶ್ವರ ಅವರು, ಕದಡಿದ ಕಪ್ಪು ಕುಳಿಯು ಬಾರಿಸಿದ ಗಂಟೆಯಂತೆ ಮಿಡಿದು ಮಿಡಿದು ಶಾಂತವಾಗುವುದೆಂದು 1970ರಲ್ಲಿ ಗಣಿತದಿಂದ ತೋರಿಸಿದರು. 2015ರ ಸೆಪ್ಟೆಂಬರಿನಲ್ಲಿ ಗುರುತ್ವದ ಅಲೆಗಳು ಮೊದಲ ಬಾರಿಗೆ ಯಂತ್ರಕ್ಕೆ ಸಿಕ್ಕಿದಾಗ ಆ ಅಲೆಯ ಕೊನೆಯಲ್ಲಿ ಇಂಥದೇ ಮಿಡಿತವು ತೋರಿಬಂತು. ಲೆಕ್ಕದಿಂದ ಕಂಡದ್ದು ಯಂತ್ರಕ್ಕೆ ಕಾಣಲು ನಾಲ್ವತ್ತೈದು ವರ್ಷ ಬೇಕಾಯಿತು. 2017ರಲ್ಲಿ ತೀರಿಕೊಂಡ ವಿಶ್ವೇಶ್ವರರು ಅದನ್ನು ನೋಡಿಯೇ ಹೋದರೆಂಬುದು ಸಂತೋಷದ ಸಂಗತಿ.

ನಕ್ಷತ್ರದಿಂದ ಹುಟ್ಟದೆ, ಜಗತ್ತಿನ ಆರಂಭದಲ್ಲಿಯೇ ಹುಟ್ಟಿರಬಹುದಾದ ಕಪ್ಪು ಕುಳಿಗಳು ಬೇರೊಂದು ಜಾತಿ. ಸುಮಾರು 1380 ಕೋಟಿ ವರ್ಷಗಳ ಹಿಂದೆ, ವಿಶ್ವವು ಹುಟ್ಟಿ ಒಂದು ಸೆಕೆಂಡೂ ಕಳೆಯದಿದ್ದ ಹೊತ್ತಿನಲ್ಲಿ, ಎಲ್ಲವೂ ಅತಿಸಾಂದ್ರವಾಗಿತ್ತು. ಆ ಸಾಂದ್ರತೆಯು ಕೆಲವೆಡೆ ಮಿಕ್ಕ ಕಡೆಗಿಂತ ಸಾಕಷ್ಟು ಹೆಚ್ಚಾಗಿದ್ದಿದ್ದರೆ, ಆ ಗಂಟುಗಳು ಅಲ್ಲಿಯೇ ಕುಸಿದು ಸಣ್ಣ ಸಣ್ಣ ಕುಳಿಗಳಾಗಿರಬೇಕು. ಸೋವಿಯತ್ ದೇಶದ ಜೆಲ್ಡೊವಿಚ್ ಮತ್ತು ನೋವಿಕೊವ್ ಎಂಬವರು 1960ರ ದಶಕದಲ್ಲಿಯೂ, ಇಂಗ್ಲೆಂಡಿನ ಸ್ಟೀಫನ್ ಹಾಕಿಂಗ್ 1971ರಲ್ಲಿಯೂ ಈ ವಿಚಾರವನ್ನು ಎತ್ತಿದರು. ಇವೇ ಆದಿಮ ಕಪ್ಪು ಕುಳಿಗಳು.

1974ರಲ್ಲಿ ಹಾಕಿಂಗ್ ಇನ್ನೂ ಆಶ್ಚರ್ಯಕರವಾದ ಮಾತನ್ನು ಹೇಳಿದರು: ಕಪ್ಪು ಕುಳಿಯು ಸಂಪೂರ್ಣವಾಗಿ ಕಪ್ಪಲ್ಲ, ಅದಕ್ಕೂ ಒಂದು ಶಾಖವುಂಟು, ಅದು ಕಣಗಳನ್ನೂ ಕಿರಣಗಳನ್ನೂ ಸೂಸುತ್ತ ತನ್ನ ತೂಕವನ್ನು ಕಳೆದುಕೊಳ್ಳುತ್ತದೆ. ಮುಚ್ಚಳವಿಲ್ಲದ ಬಟ್ಟಲಿನಲ್ಲಿಟ್ಟ ಕರ್ಪೂರವು ಯಾರೂ ಮುಟ್ಟದಿದ್ದರೂ ದಿನದಿನಕ್ಕೆ ಕಿರಿದಾಗಿ ಕೊನೆಗೆ ಇಲ್ಲವಾಗುವುದನ್ನು ಮನೆವಾರ್ತೆಯ ಎಲ್ಲರೂ ಬಲ್ಲರು. ಕಪ್ಪು ಕುಳಿಯೂ ಹಾಗೆಯೇ ಆವಿಯಾಗುತ್ತದೆ. ಆದರೆ ಒಂದು ಭೇದವುಂಟು: ಕರ್ಪೂರವು ತಣ್ಣಗೆ ಕರಗುತ್ತದೆ, ಕುಳಿಯಾದರೋ ಕಿರಿದಾದಷ್ಟೂ ಬಿಸಿಯಾಗುತ್ತದೆ, ಬಿಸಿಯಾದಷ್ಟೂ ಬೇಗ ಕರಗುತ್ತದೆ. ಆರುವ ಮುನ್ನ ದೀಪವು ಭಗ್ಗೆಂದು ಉರಿಯುವಂತೆ ಅದರ ಅಂತ್ಯವು ಸ್ಫೋಟದಲ್ಲಿ ಆಗುತ್ತದೆ.

ಸೂರ್ಯನ ತೂಕದ ಕುಳಿಯಲ್ಲಿ ಇದನ್ನು ನೋಡುವ ಆಸೆಯಿಲ್ಲ. ಅದರ ಶಾಖವು ಒಂದು ಡಿಗ್ರಿಯ ಕೋಟಿಯಲ್ಲಿ ಒಂದು ಪಾಲಿಗೂ ಕಡಮೆ. ಅದು ಕರಗಿ ಮುಗಿಯಲು ಒಂದರ ಮುಂದೆ ಅರುವತ್ತೇಳು ಸೊನ್ನೆಗಳನ್ನಿಟ್ಟಷ್ಟು ವರ್ಷಗಳು ಬೇಕು. ಆದರೆ ಹುಟ್ಟುವಾಗ ಸುಮಾರು 50 ಕೋಟಿ ಟನ್ ತೂಕವಿದ್ದ ಆದಿಮ ಕುಳಿಯ ಆಯುಷ್ಯವು ವಿಶ್ವದ ವಯಸ್ಸಿಗೆ ಸರಿಹೊಂದುತ್ತದೆ. ಅಂಥವು ಇದ್ದರೆ ಅವು ಮುಗಿಯುವ ಕಾಲವು ಇದೇ, ನಮ್ಮ ಕಾಲವೇ. ಕನ್ನಂಬಾಡಿ ಕಟ್ಟೆಯು ತುಂಬಿದಾಗ ನಿಲ್ಲುವ ನೀರಿನ ತೂಕ ಸುಮಾರು 140 ಕೋಟಿ ಟನ್. ಅದರ ಮೂರರಲ್ಲೊಂದು ಪಾಲಿಗಿಂತ ತುಸು ಹೆಚ್ಚಾದ ನೀರನ್ನು ಪರಮಾಣುವಿನ ಗರ್ಭದಲ್ಲಿರುವ ಒಂದು ಪ್ರೋಟಾನಿನಷ್ಟು ಜಾಗದಲ್ಲಿ ಅಡಗಿಸಿದರೆ ಎಂಥದಾದೀತೋ, ಅಂಥದು ಈ ಕುಳಿ.

ಕೊನೆಯ ಒಂದು ಸೆಕೆಂಡಿನ ಹೊತ್ತಿಗೆ ಅದರಲ್ಲಿ ಉಳಿದಿರುವುದು ಸಾವಿರ ಟನ್ನಿಗೆ ಸ್ವಲ್ಪ ಮೇಲೆ. ಮಂಡ್ಯದ ಸಕ್ಕರೆ ಕಾರ್ಖಾನೆಗೆ ಹೋಗುವ ಐವತ್ತು ಅರುವತ್ತು ಲಾರಿ ಕಬ್ಬಿನ ತೂಕವೆಂದುಕೊಳ್ಳೋಣ. ಅಷ್ಟೂ ತೂಕವು ಆ ಒಂದು ಸೆಕೆಂಡಿನಲ್ಲಿ ಶಕ್ತಿಯಾಗಿ ಮಾರ್ಪಡುತ್ತದೆ. ಹಿರೋಷಿಮಾದ ಮೇಲೆ ಬಿದ್ದ ಬಾಂಬಿನ ನೂರು ಕೋಟಿ ಪಾಲಿಗೂ ಮೀರಿದ ಶಕ್ತಿ ಅದು. ಭಯಪಡಬೇಕಾದದ್ದಿಲ್ಲ; ಆಕಾಶದ ಮಾನದಲ್ಲಿ ಇದು ಅಲ್ಪವೇ. ನಮ್ಮ ಸೂರ್ಯನು ಸೆಕೆಂಡೊಂದಕ್ಕೆ ಸುಮಾರು 42 ಲಕ್ಷ ಟನ್ ದ್ರವ್ಯವನ್ನು ಬೆಳಕಾಗಿ ಸುರಿಯುತ್ತಿದ್ದಾನೆ. ಆದಕಾರಣ ಕುಳಿಯ ಸ್ಫೋಟವು ನಮಗೆ ಕಾಣಬೇಕಾದರೆ, ಅದು ಅತಿ ಸಮೀಪದ ನಕ್ಷತ್ರಕ್ಕಿಂತಲೂ ಹತ್ತಿರದಲ್ಲಿ ಆಗಬೇಕು. ಹುಡುಕಾಟದ ಕಷ್ಟವಿರುವುದು ಇಲ್ಲಿಯೇ.

ಆ ಶಕ್ತಿಯಲ್ಲಿ ಬಹುಭಾಗವು ಕಣ್ಣಿಗೆ ಕಾಣುವ ಬೆಳಕಾಗಿ ಬರುವುದಿಲ್ಲ. ಬರುವ ಬೆಳಕು ಗಾಮಾ ಕಿರಣಗಳ ರೂಪದ್ದು. ನಮ್ಮ ಪುಣ್ಯಕ್ಕೆ ವಾಯುಮಂಡಲವು ಈ ತೀಕ್ಷ್ಣ ಕಿರಣಗಳನ್ನು ಮೇಲೆಯೇ ತಡೆಯುತ್ತದೆ. ತಡೆಯುವಾಗ ಒಂದು ಚಮತ್ಕಾರವು ನಡೆಯುತ್ತದೆ. ಒಂದು ಗಾಮಾ ಕಿರಣವು ಗಾಳಿಯ ಪರಮಾಣುವಿಗೆ ತಗಲಿ ಕಣಗಳ ಜೋಡಿಯಾಗುತ್ತದೆ. ಆ ಕಣಗಳಿಂದ ಮತ್ತೆ ಕಿರಣಗಳು, ಕಿರಣಗಳಿಂದ ಮತ್ತೆ ಕಣಗಳು. ಹೀಗೆ ಕೆಳಗಿಳಿದಂತೆಲ್ಲ ಒಂದು ಸೋನೆಯೇ ಏಳುತ್ತದೆ. ಗಾಳಿಯಲ್ಲಿ ಬೆಳಕಿನ ವೇಗವನ್ನೂ ಮೀರಿ ಓಡುವ ಈ ಕಣಗಳು ಒಂದು ನಸುನೀಲಿ ಮಿಂಚನ್ನು ಬಿಡುತ್ತವೆ. ಅದಕ್ಕೆ ಚೆರೆಂಕೋವ್ ಬೆಳಕೆಂದು ಹೆಸರು. ಸೆಕೆಂಡಿನ ಕೋಟಿಭಾಗಕ್ಕಿಂತಲೂ ಅಲ್ಪಕಾಲವಿದ್ದು, ನೆಲದ ಮೇಲೆ ನೂರು ಮೀಟರಿಗೂ ಹೆಚ್ಚಿನ ತ್ರಿಜ್ಯದ ವರ್ತುಲದಲ್ಲಿ ಅದು ಚೆಲ್ಲುತ್ತದೆ. ಚಂದ್ರನಿಲ್ಲದ ರಾತ್ರಿಯಲ್ಲಿ ದೊಡ್ಡ ಕನ್ನಡಿಗಳಿಂದ ಈ ಮಿಂಚನ್ನು ಹಿಡಿಯುವುದೇ ಗಾಮಾ ಕಿರಣಗಳ ದೂರದರ್ಶಕದ ಕೆಲಸ.

ಈ ಕೆಲಸವು ನಮ್ಮ ನೆರೆಯಲ್ಲಿಯೇ ನಡೆದಿದೆ. ಮಂಡ್ಯದಿಂದ ಮೈಸೂರನ್ನು ಹಾದು ದಕ್ಷಿಣಕ್ಕೆ ಹೋದರೆ ನಂಜನಗೂಡು. ಅಲ್ಲಿ 1925ರಲ್ಲಿ ಹುಟ್ಟಿದ ಬಿ.ವಿ. ಶ್ರೀಕಂಠನ್ ಅವರು 1948ರಲ್ಲಿ ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯನ್ನು ಸೇರಿ, ಮುಂದೆ ಅದರ ನಿರ್ದೇಶಕರೂ ಆದರು. ಆಕಾಶದಿಂದ ಬರುವ ವಿಶ್ವಕಿರಣಗಳನ್ನು ಅಳೆಯಲು ಅವರು ಕೋಲಾರದ ಚಿನ್ನದ ಗಣಿಯೊಳಕ್ಕೆ ಇಳಿದವರು. 1965ರಲ್ಲಿ ಆ ಗಣಿಯ ಆಳದಲ್ಲಿ, ವಾಯುಮಂಡಲದಲ್ಲಿ ಹುಟ್ಟುವ ನ್ಯೂಟ್ರಿನೊ ಎಂಬ ಕಣಗಳ ಗುರುತು ದೊರೆಯಿತು. ನಂಜನಗೂಡಿನಿಂದ ಮುಂದಕ್ಕೆ ಗುಂಡ್ಲುಪೇಟೆ, ಬಂಡೀಪುರದ ಕಾಡು, ಅದನ್ನು ದಾಟಿ ಘಟ್ಟವನ್ನು ಏರಿದರೆ ನೀಲಗಿರಿಯ ಉದಕಮಂಡಲ. 1970ರ ದಶಕದ ಕೊನೆಗೆ ಟಾಟಾ ಸಂಸ್ಥೆಯ ಶ್ರೀಕಂಠನ್ ಮತ್ತು ಅವರ ಸಂಗಡಿಗರು ಆ ಬೆಟ್ಟದ ಮೇಲೆ ಬಟ್ಟಲಾಕಾರದ ಕನ್ನಡಿಗಳನ್ನು ಹೂಡಿ ಚೆರೆಂಕೋವ್ ಮಿಂಚುಗಳನ್ನು ಎಣಿಸಿದರು. ಹಾಕಿಂಗ್ ಹೇಳಿದ ಸ್ಫೋಟಗಳನ್ನು ಹುಡುಕಿದ ಮೊದಲ ತಂಡಗಳಲ್ಲಿ ಐರ್ಲೆಂಡ್, ಅಮೆರಿಕಗಳವರ ಜೊತೆಗೆ ಇವರದೂ ಒಂದು. 1980ರಲ್ಲಿ ತಮ್ಮ ಫಲಿತಾಂಶವನ್ನು ಪ್ರಕಟಿಸಿದರು. ಕುಳಿಯ ಸ್ಫೋಟವು ಕಾಣಲಿಲ್ಲ.

ಆಕಾಶದಲ್ಲಿ ಗಾಮಾ ಕಿರಣಗಳ ಮಿಂಚುಗಳೇ ಇಲ್ಲವೆಂದಲ್ಲ. ಅಮೆರಿಕದ ವೇಲಾ ಎಂಬ ಉಪಗ್ರಹಗಳು 1967ರಲ್ಲಿಯೇ ಅವನ್ನು ಕಂಡಿದ್ದವು. 1973ರಲ್ಲಿ ಆ ವಾರ್ತೆಯು ಹೊರಬಿತ್ತು. ಬೆಂಗಳೂರಿನಲ್ಲಿ ಪ್ರಧಾನ ಕಛೇರಿಯುಳ್ಳ ಇಸ್ರೋ ಸಂಸ್ಥೆಯು 2015ರಲ್ಲಿ ಹಾರಿಸಿದ ಆಸ್ಟ್ರೋಸ್ಯಾಟ್ ಉಪಗ್ರಹವೂ ನೂರಾರು ಮಿಂಚುಗಳನ್ನು ಗುರುತಿಸಿದೆ. ಆದರೆ ಇವು ಬಹುದೂರದ ನಕ್ಷತ್ರಮಂಡಲಗಳಲ್ಲಿ ನಕ್ಷತ್ರಗಳು ಕುಸಿಯುವಾಗಲೂ ಡಿಕ್ಕಿಯಾಗುವಾಗಲೂ ಉಂಟಾಗತಕ್ಕವು. ಸಾಮಾನ್ಯವಾಗಿ ಅವು ಮೊದಲು ಜೋರಾಗಿ, ಬಳಿಕ ಮಂದವಾಗಿ, ಹಿಂದೆ ಒಂದು ಕಾವನ್ನು ಬಿಟ್ಟು ಆರುತ್ತವೆ. ಕುಳಿಯ ಲಕ್ಷಣವು ಇದಕ್ಕೆ ವಿರುದ್ಧ: ಕ್ಷಣಕ್ಷಣಕ್ಕೂ ಪ್ರಖರವಾಗುತ್ತ, ಕಿರಣಗಳು ತೀಕ್ಷ್ಣವಾಗುತ್ತ, ತುತ್ತತುದಿಯಲ್ಲಿ ಥಟ್ಟನೆ ನಿಂತುಹೋಗಬೇಕು. ಅದೇ ಸ್ಥಳದಲ್ಲಿ ಮತ್ತೆಂದೂ ಕಾಣಬಾರದು. ಆಯಾ ಚಿಹ್ನೆಯಿಂದ ಬೆರಕೆಯ ಪೈರನ್ನು ಗುರುತಿಸುವಂತೆ ಇದನ್ನೂ ಗುರುತಿಸಬಹುದು.

ಮುಂದೆ ಯಂತ್ರಗಳು ಬೆಳೆದವು. ಲಡಾಖಿನ ಹಾನ್ಲೆಯಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯೂ ಟಾಟಾ ಸಂಸ್ಥೆಯೂ ಸೇರಿ ಏಳು ದೂರದರ್ಶಕಗಳ ‘ಹಗಾರ್’ ಎಂಬ ಸಮೂಹವನ್ನು ಸ್ಥಾಪಿಸಿದುವು. 2008ರಿಂದ ಅದು ಗಾಮಾ ಕಿರಣಗಳನ್ನು ನೋಡತೊಡಗಿತು. ಅದೇ ಸ್ಥಳದಲ್ಲಿ, ಸಮುದ್ರಮಟ್ಟದಿಂದ ಸುಮಾರು 4300 ಮೀಟರು ಎತ್ತರದಲ್ಲಿ, ಭಾಭಾ ಪರಮಾಣು ಸಂಶೋಧನಾ ಕೇಂದ್ರದವರು ಕಟ್ಟಿದ ‘ಮೇಸ್’ ಎಂಬ ದೂರದರ್ಶಕವು 2024ರ ಅಕ್ಟೋಬರ್ 4ರಂದು ಉದ್ಘಾಟನೆಯಾಯಿತು. ಅದರ ಕನ್ನಡಿಯ ಅಡ್ಡಳತೆ 21 ಮೀಟರು. ಹೊರದೇಶಗಳಲ್ಲಿ ನಮೀಬಿಯದ ‘ಹೆಸ್’ ಎಂಬುದು ಇದೇ ಜಾತಿಯದು. ಮೆಕ್ಸಿಕೋ ದೇಶದ ‘ಹಾಕ್’ ಎಂಬುದು 300 ನೀರಿನ ತೊಟ್ಟಿಗಳ ಸಮೂಹ. ಸೋನೆಯ ಕಣಗಳು ನೀರಿನೊಳಗೆ ಬಿಡುವ ಬೆಳಕನ್ನು ಅದು ಹಗಲಿರುಳೂ ನೋಡಬಲ್ಲುದು. ಚೀನದ ‘ಲಾಸೋ’ ಅದಕ್ಕಿಂತಲೂ ವಿಶಾಲವಾದದ್ದು.

ಇಷ್ಟೆಲ್ಲ ಹುಡುಕಿಯೂ ಫಲವು ಒಂದೇ: ಬರಿಗೈ. ಇಲ್ಲಿಗೆ ನಾವು ಗೌಡರ ಪ್ರಶ್ನೆಗೆ ಹಿಂತಿರುಗಿ ಬಂದಂತಾಯಿತು. ಆ ಸಂಜೆ ನಾವು ಅವರನ್ನು ಕೇಳಿದೆವು:

“ಗೌಡರೆ, ಈ ದಿನ ತಾಕಿನಲ್ಲಿ ಎಷ್ಟು ಬೆರಕೆ ಸಿಕ್ಕಿತು?”

“ಒಂದೂ ಇಲ್ಲ, ಸ್ವಾಮಿ.”

“ಹಾಗಾದರೆ ಈ ದಿನದ ಕೂಲಿ ದಂಡವಾಯಿತಲ್ಲ?”

ಅವರು ನಕ್ಕುಬಿಟ್ಟರು. “ದಂಡ ಹೆಂಗಾಯ್ತದೆ, ಸ್ವಾಮಿ? ಬೆರಕೆ ಇಲ್ಲ ಅಂತ ಗೊತ್ತಾಯ್ತಲ್ಲ! ನಡೀದೆ ಹೋಗಿದ್ರೆ ಅದು ಹೆಂಗೆ ಗೊತ್ತಾಗೋದು?”

ನಾವು ಹೇಳಬೇಕೆಂದಿದ್ದ ಉತ್ತರವನ್ನು ಅವರೇ ಹೇಳಿಬಿಟ್ಟಿದ್ದರು. ನಡೆಯದೆ ‘ಇಲ್ಲ’ ಎಂದವನ ಮಾತಿಗೂ, ಸಾಲುಸಾಲನ್ನು ನಡೆದು ಬಂದು ‘ಇಲ್ಲ’ ಎಂದವನ ಮಾತಿಗೂ ಅಜಗಜಾಂತರವುಂಟು. ಎರಡನೆಯ ಮಾತಿಗೆ ಲೆಕ್ಕವೂ ಉಂಟು. ನಡೆದ ನೆಲದಲ್ಲಿ ಸರಾಸರಿ ಮೂರು ಬೆರಕೆಗಳು ಸಿಕ್ಕತಕ್ಕದ್ದಾಗಿದ್ದರೆ, ಒಂದೂ ಕಣ್ಣಿಗೆ ಬೀಳದೆ ಹೋಗುವ ಸಂಭವವು ನೂರಕ್ಕೆ ಐದು ಮಾತ್ರ. ಆದಕಾರಣ ಹತ್ತು ಎಕರೆಯನ್ನು ಎಚ್ಚರದಿಂದ ನಡೆದು ಬರಿಗೈಯಲ್ಲಿ ಬಂದವನು, “ಹತ್ತು ಎಕರೆಗೆ ಸರಾಸರಿ ಮೂರಕ್ಕಿಂತ ಹೆಚ್ಚು ಬೆರಕೆಯಿರಲಾರದು” ಎಂದು ನೂರಕ್ಕೆ ತೊಂಬತ್ತೈದು ಪಾಲು ಧೈರ್ಯದಿಂದ ಹೇಳಬಹುದು. ನೂರು ಎಕರೆ ನಡೆದರೆ ಅದೇ ಮಾತು ಹತ್ತು ಪಾಲು ಬಿಗಿಯಾಗುತ್ತದೆ.

ಆಕಾಶದ ಹೊಲದಲ್ಲಿಯೂ ಕ್ರಮವು ಇದೇ. ಅಲ್ಲಿ ಎಕರೆಗೆ ಬದಲಾಗಿ ಘನ ಪಾರ್ಸೆಕ್. ಪಾರ್ಸೆಕ್ ಎಂದರೆ ಬೆಳಕು 3.26 ವರ್ಷಗಳಲ್ಲಿ ಓಡುವ ದೂರ. ಉದ್ದ, ಅಗಲ, ಎತ್ತರಗಳು ಒಂದೊಂದು ಪಾರ್ಸೆಕ್ ಇರುವ ಪೆಟ್ಟಿಗೆಯನ್ನು ಊಹಿಸಿಕೊಳ್ಳಬೇಕು. ಇಂಥ ಒಂದು ಪೆಟ್ಟಿಗೆಯಲ್ಲಿ ವರ್ಷಕ್ಕೆ ಸುಮಾರು 7200 ಸ್ಫೋಟಗಳಿಗಿಂತ ಹೆಚ್ಚು ಆಗುತ್ತಿಲ್ಲವೆಂದು 2018ರಲ್ಲಿ ಫರ್ಮಿ ಉಪಗ್ರಹದವರು ಹೇಳಿದರು. 2020ರಲ್ಲಿ ಹಾಕ್ ತೊಟ್ಟಿಗಳವರು ಅದನ್ನು 3400ಕ್ಕೂ, 2023ರಲ್ಲಿ ಹೆಸ್ ತಂಡದವರು 2000ಕ್ಕೂ ಇಳಿಸಿದರು. 2025ರಲ್ಲಿ ಲಾಸೋ ತಂಡವು ಇನ್ನೂರಕ್ಕಿಂತಲೂ ಕೆಳಗೆ ತಂದಿದೆ. ಇವರ ಎಣಿಕೆಯ ಕ್ರಮಗಳು ಪೂರ್ತಿಯಾಗಿ ಒಂದೇ ಅಲ್ಲವಾದರೂ ದಾರಿಯು ಸ್ಪಷ್ಟವಾಗಿದೆ. ಒಂದೊಂದು ಬರಿಗೈಯೂ ವಿಶ್ವದ ಮೊದಲ ಕ್ಷಣದಲ್ಲಿ ಎಂಥ ಗಂಟುಗಳು ಇರಲಿಲ್ಲವೆಂಬುದನ್ನು ನಮಗೆ ಕಲಿಸಿದೆ. ಆ ಕ್ಷಣವನ್ನು ಕುರಿತು ಇಷ್ಟು ನೇರವಾಗಿ ಹೇಳಬಲ್ಲ ಸಾಕ್ಷಿಗಳು ಬಹಳವಿಲ್ಲ.

ಗೌಡರಿಗೂ ವಿದ್ವಾಂಸರಿಗೂ ಒಂದು ವ್ಯತ್ಯಾಸವಿದೆಯೆಂಬುದನ್ನು ಮರೆಮಾಚಲಾಗದು. ಗೌಡರಿಗೆ ಬೆರಕೆ ಸಿಕ್ಕದಿರುವುದೇ ಸಂತೋಷ. ವಿದ್ವಾಂಸರಿಗೆ ಒಂದಾದರೂ ಸಿಕ್ಕಲೆಂದೇ ಆಸೆ. ಅದೇಕೆಂದರೆ ಹಾಕಿಂಗ್ ಹೇಳಿದ ಆವಿಯನ್ನು ಕಪ್ಪು ಕುಳಿಯೊಂದರಿಂದ ಹೊರಡುವುದನ್ನು ಇದುವರೆಗೆ ಯಾರೂ ಕಂಡಿಲ್ಲ. ವಿದ್ವಾಂಸರು ಬಹುಮಂದಿ ಅದನ್ನು ನಿಜವೆಂದು ನಂಬಿದ್ದಾರೆ. ಆದರೆ ನಂಬಿಕೆಯು ಕಂಡದ್ದಕ್ಕೆ ಸಮವಲ್ಲ. ಹಾಕಿಂಗ್ 2018ರಲ್ಲಿ ತೀರಿಕೊಂಡರು. ನೊಬೆಲ್ ಬಹುಮಾನವು ಅವರಿಗೆ ದೊರೆಯಲಿಲ್ಲ. ಒಂದೇ ಒಂದು ಸ್ಫೋಟವು ಕಂಡರೂ ಅವರ ಗಣಿತವು ಸ್ಥಿರಪಡುವುದು. ಅಷ್ಟೇ ಅಲ್ಲ. ಕರಗುವ ಕುಳಿಯು ಪಂಕ್ತಿಭೇದವನ್ನು ಮಾಡುವುದಿಲ್ಲ: ಪ್ರಕೃತಿಯಲ್ಲಿ ಎಷ್ಟು ಜಾತಿಯ ಕಣಗಳಿವೆಯೋ ಅಷ್ಟನ್ನೂ, ನಾವು ಇನ್ನೂ ಅರಿಯದವುಗಳನ್ನೂ ಸೇರಿಸಿ, ಅದು ಕೊನೆಗಾಲದಲ್ಲಿ ಹೊರಚೆಲ್ಲಬೇಕು. ಅದರ ಕೊನೆಯ ಕ್ಷಣಗಳ ವೇಗವನ್ನು ಅಳೆದರೆ ಪ್ರಕೃತಿಯ ಉಗ್ರಾಣದ ಪಟ್ಟಿಯೇ ನಮ್ಮ ಕೈಗೆ ಬಂದಂತೆ.

ಆ ಆಸೆಯು ಈಗಲೂ ಬತ್ತಿಲ್ಲ. 2023ರ ಫೆಬ್ರುವರಿ 13ರಂದು ಮೆಡಿಟರೇನಿಯನ್ ಸಮುದ್ರದ ತಳದಲ್ಲಿರುವ ಯಂತ್ರವೊಂದಕ್ಕೆ ಅದುವರೆಗೆ ಕಂಡವುಗಳಲ್ಲೆಲ್ಲ ಅತ್ಯಂತ ಪ್ರಬಲವಾದ ನ್ಯೂಟ್ರಿನೊ ಸಿಕ್ಕಿತೆಂದು 2025ರಲ್ಲಿ ಪ್ರಕಟವಾಯಿತು. ಅದು ಸಿಡಿದ ಆದಿಮ ಕುಳಿಯಿಂದ ಬಂದಿರಬಹುದೇ ಎಂದು ಕೆಲವರು ವಿಚಾರ ಮಾಡಿದರು. ಹತ್ತು ವರ್ಷಗಳೊಳಗೆ ಒಂದು ಸ್ಫೋಟವನ್ನು ಕಾಣುವ ಸಂಭವವು ನೂರಕ್ಕೆ ತೊಂಬತ್ತನ್ನೂ ಮೀರೀತೆಂದು ಅಮೆರಿಕದ ಮಸಾಚುಸೆಟ್ಸ್ ವಿಶ್ವವಿದ್ಯಾನಿಲಯದ ಭೌತವಿಜ್ಞಾನಿಗಳು ಅದೇ ವರ್ಷ ಬರೆದರು. ಇದು ಇನ್ನೂ ಸ್ಥಿರಪಡದ ಒಂದು ಊಹೆಯ ಮೇಲೆ ನಿಂತ ಗಣನೆಯೆಂಬುದನ್ನು ವಾಚಕರು ನೆನಪಿನಲ್ಲಿಡತಕ್ಕದ್ದು. ಆಶೆಯನ್ನು ಸಾಕ್ಷಿಯೆಂದು ತಿಳಿಯಬಾರದು.

ಕತ್ತಲಾಗುತ್ತ ಬಂದಿತು. ನಾಲೆಯ ನೀರಿನ ಸದ್ದಿನ ಹೊರತು ಫಾರಮಿನಲ್ಲಿ ಬೇರೆ ಸದ್ದಿರಲಿಲ್ಲ. ಗೌಡರು ಎದ್ದು ಟವಲನ್ನು ಕೊಡವಿ ಹೆಗಲಿಗೆ ಹಾಕಿಕೊಂಡರು. “ನಾಳೆ ಆಚೆ ತಾಕು ನಡೀಬೇಕು, ಸ್ವಾಮಿ,” ಎಂದು ಹೇಳಿ ಬದುವಿನ ಮೇಲೆ ಹೊರಟರು. ಅಂದಿನ ಬರಿಗೈಯನ್ನು ಕುರಿತು ಅವರಲ್ಲಿ ಲೇಶಮಾತ್ರವೂ ನಾಚಿಕೆಯಿರಲಿಲ್ಲ, ಇರಬೇಕಾದದ್ದೂ ಇಲ್ಲ. ಹಾನ್ಲೆಯ ಚಳಿಯಲ್ಲಿ ಕನ್ನಡಿಯನ್ನು ಆಕಾಶಕ್ಕೆ ತಿರುಗಿಸುವವರೂ ನಾಳಿನ ತಾಕನ್ನು ನಡೆಯಲಿಕ್ಕಿದ್ದಾರೆ. ಸಿಕ್ಕಿದರೆ ಲೋಕಕ್ಕೆ ಹೊಸ ತಿಳಿವು. ಸಿಕ್ಕದಿದ್ದರೆ ಲೆಕ್ಕವು ಇನ್ನಷ್ಟು ಬಿಗಿ. ಪ್ರಾಮಾಣಿಕವಾಗಿ ನಡೆದ ಹೊಲದಲ್ಲಿ ಕೂಲಿಯು ದಂಡವಾಗುವುದಿಲ್ಲವೆಂಬುದನ್ನು ನಮ್ಮ ಮನೆಗಳಲ್ಲಿ ಓದುವ ಮಕ್ಕಳಿಗೂ ಹೇಳಿಕೊಡತಕ್ಕದ್ದೆಂದು ನಾವು ತಿಳಿಯುತ್ತೇವೆ.